ಮನೆಯ ಡ್ಯಾನ್ಸ್ ಪ್ಯಾಡ್ ಆಟ: ಕಾಲು ತಾಳಕ್ಕೆ ಬಿದ್ದರೂ ಪರದೆ ತಪ್ಪೆನ್ನುತ್ತದೆ, ಏನು ಮಾಡಬೇಕು?

ಪ್ರಶ್ನೆ – ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯ ಬದಿಯ ತೋಟದ ಮನೆ. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಅವಳ ಸೋದರತ್ತೆ ಬೆಂಗಳೂರಿನಿಂದ ಒಂದು ಡ್ಯಾನ್ಸ್ ಪ್ಯಾಡ್ ತಂದುಕೊಟ್ಟಿದ್ದಾರೆ. ಅವರ ಮನೆಯಲ್ಲಿ ಮೊದಲು ಪ್ಲೇಸ್ಟೇಷನ್ 2ಕ್ಕೆ ಜೋಡಿಸುತ್ತಿದ್ದ, ಮಡಚಿ ಇಡಬಹುದಾದ ಮೆತ್ತನೆಯ ಪ್ಯಾಡ್ ಅದು. ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕು ಬಾಣದ ಮನೆಗಳಿವೆ. ಪರದೆಯ ಮೇಲೆ ಕೆಳಗಿನಿಂದ ಏರಿ ಬರುವ ಬಾಣವು ಮೇಲ್ತುದಿಯ ಗುರುತಿಗೆ ಕೂಡುವ ಕ್ಷಣಕ್ಕೆ ಸರಿಯಾಗಿ ಆ ಮನೆಯನ್ನು ತುಳಿಯಬೇಕು. ಒಂದು ಯುಎಸ್‌ಬಿ ಅಡಾಪ್ಟರ್ ಕೊಂಡು ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಸ್ಟೆಪ್‌ಮೇನಿಯಾ ಎಂಬ ಉಚಿತ ತಂತ್ರಾಂಶ ಹಾಕಿ, ಎಚ್‌ಡಿಎಂಐ ವೈರಿನಿಂದ ಜಗಲಿಯ ಟಿವಿಗೆ ಚಿತ್ರ ಕೊಟ್ಟಿದ್ದೇವೆ. ಧ್ವನಿಗೆ ಬ್ಲೂಟೂತ್ ಸ್ಪೀಕರ್ ಇದೆ.

ತೊಂದರೆ ಏನೆಂದರೆ, ಮಗಳ ಕಾಲು ಹಾಡಿನ ತಾಳಕ್ಕೆ ಸರಿಯಾಗಿಯೇ ಬೀಳುತ್ತಿರುವುದು ಪಕ್ಕದಲ್ಲಿ ಕುಳಿತ ನಮಗೆಲ್ಲ ಕಾಣುತ್ತದೆ, ಆದರೂ ಪರದೆ ಸಾಲುಸಾಲಾಗಿ ‘ಮಿಸ್’ ಎಂದು ತೋರಿಸುತ್ತದೆ. ಎಡ ಮತ್ತು ಬಲದ ಬಾಣಗಳು ಒಟ್ಟಿಗೆ ಬಂದಾಗ ಎರಡೂ ಕಾಲಿನಿಂದ ಹಾರಿ ತುಳಿದರೆ ಅದಂತೂ ದಾಖಲಾಗುವುದೇ ಇಲ್ಲ. ಜಗಲಿಯದು ಕೆಂಪು ಗಾರೆಯ ನುಣುಪು ನೆಲವಾದ್ದರಿಂದ ಪ್ಯಾಡ್ ಜಾರಿ ಸ್ವಲ್ಪ ಹೊತ್ತಿನಲ್ಲಿಯೇ ಒಂದು ಮೊಳ ಆಚೆ ಹೋಗಿರುತ್ತದೆ. ಮಾಳಿಗೆಯ ಹಲಗೆ ನೆಲದ ಮೇಲೆ ಹಾಸಿದರೆ ಜಾರುವುದು ಕಡಿಮೆ, ಆದರೆ ಕೆಳಗೆ ಅತ್ತೆಯವರು ಮಲಗುವ ಕೋಣೆಯಿದೆ.

ಇನ್ನೊಂದು ಸಂಶಯವೂ ಇದೆ. ಮಗಳು ಭಾನುವಾರದ ಯಕ್ಷಗಾನ ತರಗತಿಗೆ ಹೋಗುತ್ತಾಳೆ. ಈ ಆಟದ ಅಭ್ಯಾಸದಿಂದ ಹೆಜ್ಜೆ ಕೆಡಬಹುದೇ ಎಂದು ಮನೆಯಲ್ಲಿ ಹಿರಿಯರು ಕೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು. ಹೊಸ ಪ್ಯಾಡನ್ನೇ ಕೊಳ್ಳಬೇಕಾದರೂ ಸರಿ, ಆದರೆ ಮೊದಲು ದೋಷ ಎಲ್ಲಿದೆ ಎಂದು ಗೊತ್ತಾಗಬೇಕು.

ಉತ್ತರ – ಕಾಳಿತೀರ, ಕಾರವಾರ

ಪ್ಯಾಡನ್ನು ಬದಲಿಸುವ ಮೊದಲು ಬ್ಲೂಟೂತ್ ಸ್ಪೀಕರನ್ನು ಪಕ್ಕಕ್ಕಿಡಿ. ನೀವು ಬರೆದ ಲಕ್ಷಣಗಳಲ್ಲಿ ಮೊದಲನೆಯದಕ್ಕೆ ಕಾರಣ ಬಹುಮಟ್ಟಿಗೆ ಅದೇ.

ಬ್ಲೂಟೂತ್ ಸ್ಪೀಕರ್ ಧ್ವನಿಯನ್ನು ಒತ್ತಿ ಚಿಕ್ಕದಾಗಿಸಿ, ಗಾಳಿಯಲ್ಲಿ ಕಳಿಸಿ, ಸ್ವಲ್ಪ ಸಂಗ್ರಹಿಸಿಕೊಂಡು ಬಳಿಕ ನುಡಿಸುತ್ತದೆ. ಇದರಲ್ಲಿ ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡು ಕಳೆದುಹೋಗುತ್ತದೆ. ಹಾಡು ಕೇಳುವಾಗ ಇದು ಯಾರ ಗಮನಕ್ಕೂ ಬಾರದು. ಆದರೆ ಸ್ಟೆಪ್‌ಮೇನಿಯಾ ಕಾಲಿನ ಹೊಡೆತವನ್ನು ಅಳೆಯುವ ಸೂಕ್ಷ್ಮತೆಯನ್ನು ನೋಡಿ: ಅದರ ಮೂಲ ಹೊಂದಾಣಿಕೆಯಲ್ಲಿ ಬಾಣ ಗುರುತಿಗೆ ಕೂಡುವ ಕ್ಷಣದಿಂದ ಆಚೀಚೆ 22.5 ಮಿಲಿಸೆಕೆಂಡಿನೊಳಗೆ ತುಳಿದರೆ ಅತ್ಯುತ್ತಮ ಅಂಕ, 45ರೊಳಗಾದರೆ ಅದರ ಕೆಳಗಿನದು, ಆಮೇಲೆ 90, 135, ಕಡೆಗೆ 180. ಆ 180ನ್ನು ಮೀರಿದರೆ ನೀವು ತುಳಿದಿದ್ದೀರಿ ಎಂಬುದನ್ನೇ ಆಟ ಒಪ್ಪುವುದಿಲ್ಲ. ಸ್ಪೀಕರ್ 200 ಮಿಲಿಸೆಕೆಂಡು ತಡಮಾಡುತ್ತಿದ್ದರೆ, ನಿಮ್ಮ ಮಗಳು ಕಿವಿಗೆ ಬಿದ್ದ ತಾಳಕ್ಕೆ ಎಷ್ಟೇ ನಿಖರವಾಗಿ ತುಳಿಯಲಿ, ಆಟದ ಲೆಕ್ಕದಲ್ಲಿ ಅವಳು ಪ್ರತಿ ಸಲವೂ ಆ ಕೊನೆಯ ಗಡಿಯ ಹೊರಗೇ ಇರುತ್ತಾಳೆ. ಕಿವಿ ಚೆನ್ನಾಗಿರುವ ಮಕ್ಕಳಿಗೇ ಈ ದೋಷ ಹೆಚ್ಚು ತಟ್ಟುತ್ತದೆ, ಏಕೆಂದರೆ ಅವರು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತಾರೆ.

ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಗೆ ವೈರಿನ ಸ್ಪೀಕರ್ ಸಿಕ್ಕಿಸಿ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಸ್ಪೀಕರ್ ಇದ್ದರೆ ಅದೇ ಸಾಕು. ಸ್ಪೀಕರನ್ನು ಆಡುವವರ ಹತ್ತಿರವೇ ಇಡಿ. ಮೂರು ಮೀಟರ್ ದೂರದಿಂದ ಧ್ವನಿ ಬರಲು ಸುಮಾರು 9 ಮಿಲಿಸೆಕೆಂಡು ಬೇಕು, ಅದು ದೊಡ್ಡ ತಡವಲ್ಲದಿದ್ದರೂ 22.5ರ ಲೆಕ್ಕದಲ್ಲಿ ಕಡೆಗಣಿಸುವಷ್ಟು ಸಣ್ಣದೂ ಅಲ್ಲ.

ಇಷ್ಟು ಮಾಡಿದ ಮೇಲೆ ಟಿವಿಯ ವಿಷಯ. ಈಗಿನ ಟಿವಿಗಳು ಚಿತ್ರವನ್ನು ನುಣುಪಾಗಿಸಲು, ಬಣ್ಣ ತಿದ್ದಲು ಒಂದಷ್ಟು ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತವೆ. ಚಿತ್ರದ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಎಂದಿದ್ದರೆ ಅದನ್ನು ಆರಿಸಿ, ಆಗ ಆ ತಿದ್ದುಪಡಿಗಳಲ್ಲಿ ಹೆಚ್ಚಿನವು ನಿಂತುಹೋಗುತ್ತವೆ. ಬಳಿಕ ಸ್ಟೆಪ್‌ಮೇನಿಯಾದ ಆಯ್ಕೆಗಳಲ್ಲಿ ಯಂತ್ರದ ಹೊಂದಾಣಿಕೆ ಮಾಡುವ ಒಂದು ಪುಟವಿದೆ. ಅದು ಸಮಲಯದ ಹಾಡೊಂದನ್ನು ನುಡಿಸುತ್ತ, ನೀವು ತುಳಿದ ಹೊಡೆತಗಳ ಸರಾಸರಿ ನೋಡಿ ತನ್ನ ಗಡಿಯಾರವನ್ನು ತಾನೇ ಸರಿಸಿಕೊಳ್ಳುತ್ತದೆ. ಆಟ ನಡೆಯುತ್ತಿರುವಾಗ ಎಫ್6 ಕೀಯನ್ನು ಮತ್ತೆ ಮತ್ತೆ ಒತ್ತಿದರೂ ಇದೇ ಸ್ವಯಂ ಹೊಂದಾಣಿಕೆಯ ಬಗೆಗಳು ಒಂದೊಂದಾಗಿ ಬರುತ್ತವೆ. ಅವುಗಳಲ್ಲಿ ಹಾಡಿನದನ್ನಲ್ಲ, ಯಂತ್ರದ್ದನ್ನು ಆರಿಸಬೇಕು. ಹಾಡಿನದನ್ನು ಆರಿಸಿದರೆ ಆ ಒಂದು ಹಾಡು ಮಾತ್ರ ಸರಿದು, ಉಳಿದವು ಹಾಗೆಯೇ ಉಳಿಯುತ್ತವೆ. ಈ ಹೊಂದಾಣಿಕೆಯನ್ನು ಮಗಳ ಬದಲು ತಾಳಜ್ಞಾನವಿರುವ ದೊಡ್ಡವರೊಬ್ಬರು, ಪರದೆಯನ್ನು ನೋಡದೆ, ಬರಿಯ ಕಿವಿಯಿಂದ ತುಳಿದು ಮಾಡಿದರೆ ಉತ್ತಮ.

ಬ್ಲೂಟೂತ್ ಇಟ್ಟುಕೊಂಡೇ ಈ ಹೊಂದಾಣಿಕೆ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ಬ್ಲೂಟೂತಿನ ತಡ ಪ್ರತಿ ಸಲ ಜೋಡಿಸಿದಾಗಲೂ ಒಂದೇ ಆಗಿರುವುದಿಲ್ಲ. ಇವತ್ತು ಕೂಡಿಸಿದ ಲೆಕ್ಕ ನಾಳೆ ತಪ್ಪುತ್ತದೆ.

ಎಡಬಲದ ಜಿಗಿತ ದಾಖಲಾಗದಿರುವುದು ಅಡಾಪ್ಟರಿನ ದೋಷ. ಪ್ಲೇಸ್ಟೇಷನ್ನಿನ ಮಾಮೂಲು ಕಂಟ್ರೋಲರಿನಲ್ಲಿ ಒಂದೇ ಹೆಬ್ಬೆರಳಿನಿಂದ ಎಡವನ್ನೂ ಬಲವನ್ನೂ ಏಕಕಾಲಕ್ಕೆ ಒತ್ತುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ಹಲವು ಅಡಾಪ್ಟರುಗಳು ಈ ಎರಡನ್ನೂ ಒಂದೇ ಕೋಲಿನ ಎರಡು ತುದಿಗಳೆಂದು ಲೆಕ್ಕ ಹಾಕುತ್ತವೆ, ಎರಡೂ ಒಟ್ಟಿಗೆ ಬಂದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಮುಂದೆ–ಹಿಂದೆ ಜಿಗಿತದಲ್ಲಿಯೂ ಇದೇ ಆಗುತ್ತಿರಬೇಕು, ನೋಡಿ. ನಾಲ್ಕೂ ಬಾಣಗಳನ್ನು ನಾಲ್ಕು ಪ್ರತ್ಯೇಕ ಬಟನ್‌ಗಳಾಗಿ ತೋರಿಸುವ, ಡ್ಯಾನ್ಸ್ ಪ್ಯಾಡಿಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು. ಸ್ಟೆಪ್‌ಮೇನಿಯಾದಲ್ಲಿ ಇನ್‌ಪುಟ್ ಪರೀಕ್ಷಿಸುವ ಪುಟವೊಂದಿದೆ. ಅದನ್ನು ತೆರೆದು ಎರಡೂ ಮನೆಗಳ ಮೇಲೆ ಒಟ್ಟಿಗೆ ಕೈಯೂರಿ ಒತ್ತಿ, ಎರಡೂ ಹೆಸರು ಪರದೆಯ ಮೇಲೆ ನಿಂತರೆ ಅಡಾಪ್ಟರ್ ಸರಿಯಿದೆ ಎಂದರ್ಥ.

ಉತ್ತರ – ಶರಾವತಿ, ಹೊನ್ನಾವರ

ಯಕ್ಷಗಾನದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟಗಳನ್ನು ನೋಡುತ್ತಲೇ ಬೆಳೆದ ಊರು ನಮ್ಮದು. ಮಕ್ಕಳಿಗೆ ಹೆಜ್ಜೆ ಹೇಳಿಕೊಡುವ ಕೆಲಸದಲ್ಲಿ ನಾನೂ ಕೈಜೋಡಿಸುತ್ತೇನೆ, ನಮ್ಮ ಮನೆಯ ಮಕ್ಕಳು ಈ ಪ್ಯಾಡ್ ಆಟವನ್ನೂ ಆಡುತ್ತಾರೆ. ಹೆಜ್ಜೆ ಕೆಡುವ ಭಯ ಬೇಡ. ಆದರೆ ಎರಡರ ನಡುವಿನ ವ್ಯತ್ಯಾಸವನ್ನು ಮಗುವಿಗೆ ತಿಳಿಸಿ ಹೇಳಬೇಕು, ಅದನ್ನು ಹೇಳದೆ ಬಿಟ್ಟರೆ ಮಾತ್ರ ತೊಂದರೆ.

ಮೊದಲನೆಯದು ಪಾದದ ವಿಷಯ. ಯಕ್ಷಗಾನದಲ್ಲಿ ಪಾದವನ್ನು ಪೂರ್ತಿ ಊರಿ, ನೆಲದಿಂದ ನಾದ ಹೊರಡುವಂತೆ ಮೆಟ್ಟುತ್ತೇವೆ. ಗೆಜ್ಜೆ ಮಾತಾಡಬೇಕು. ಪ್ಯಾಡಿನಲ್ಲಿ ಬೇಕಾದದ್ದು ಇದರ ವಿರುದ್ಧ: ಪಾದದ ಮುಂಭಾಗದಿಂದ ಹಗುರವಾಗಿ ತಟ್ಟಿದರೆ ಸಾಕು. ಮಗು ಪ್ಯಾಡಿನ ಮೇಲೆ ಮೆಟ್ಟಿದರೆ ಪ್ಯಾಡ್ ಹಾಳು, ರಂಗದ ಮೇಲೆ ತಟ್ಟಿದರೆ ಹೆಜ್ಜೆ ಹಾಳು.

ಎರಡನೆಯದು ತಾಳ. ಈ ಆಟದ ಹಾಡುಗಳು ಹೆಚ್ಚುಕಡಿಮೆ ಎಲ್ಲವೂ ನಾಲ್ಕರ ಎಣಿಕೆಯವು, ಒಂದೇ ವೇಗದಲ್ಲಿ ಮೊದಲಿನಿಂದ ಕಡೆಯವರೆಗೆ ಸಾಗುತ್ತವೆ. ಬಾಣಗಳಿಗೆ ಬಣ್ಣ ಕೊಡುವ ವ್ಯವಸ್ಥೆಯನ್ನು ಆರಿಸಿಕೊಂಡರೆ ಮುಖ್ಯ ಹೊಡೆತದ ಬಾಣ ಕೆಂಪು, ಅದರ ಅರ್ಧಕ್ಕೆ ಬೀಳುವುದು ನೀಲಿ, ಕಾಲುಭಾಗಕ್ಕೆ ಬೀಳುವುದು ಇನ್ನೊಂದು ಬಣ್ಣ. ಲಯದ ಒಳಗಿನ ಲಯ ಹೀಗೆ ಕಣ್ಣಿಗೆ ಕಾಣುವುದರಿಂದ ಮಕ್ಕಳಿಗೆ ನಿಜವಾಗಿಯೂ ಉಪಯೋಗವಾಗುತ್ತದೆ. ನಿಮಿಷಕ್ಕೆ 120 ಹೊಡೆತದ ಹಾಡಿನಲ್ಲಿ ಕೆಂಪು ಬಾಣಗಳ ನಡುವೆ ಅರ್ಧ ಸೆಕೆಂಡು, ಕೆಂಪಿಗೂ ನೀಲಿಗೂ ನಡುವೆ ಕಾಲು ಸೆಕೆಂಡು. ಈ ಕಾಲು ಸೆಕೆಂಡನ್ನು ಓಡಿಸದೆ, ಎಳೆಯದೆ ಕಾಲಿನಲ್ಲಿ ಹಿಡಿದಿಡಲು ಕಲಿತ ಮಗುವಿಗೆ ಏಕತಾಳದ ಹೆಜ್ಜೆಯನ್ನು ದ್ರುತದಲ್ಲಿ ಹೇಳಿಕೊಡುವುದು ಸುಲಭ. ಆದರೆ ಆರರ ರೂಪಕ, ಏಳರ ತ್ರಿವುಡೆ ತಾಳಗಳು ಅಲ್ಲಿ ಸಿಗುವುದಿಲ್ಲ. ಅದಕ್ಕೆ ತರಗತಿಯೇ ಬೇಕು.

ಮೂರನೆಯದು ನನ್ನ ಮನಸ್ಸಿಗೆ ಅತಿ ಮುಖ್ಯವಾದದ್ದು. ರಂಗಸ್ಥಳದಲ್ಲಿ ಭಾಗವತರ ಕಣ್ಣು ಕಲಾವಿದನ ಕಾಲಿನ ಮೇಲಿರುತ್ತದೆ. ಕಾಲಿನಲ್ಲಿ ಕಸುವಿದ್ದರೆ ಅವರು ಪದವನ್ನು ಏರಿಸುತ್ತಾರೆ, ದಣಿವು ಕಂಡರೆ ತಡೆಹಿಡಿಯುತ್ತಾರೆ, ಮದ್ದಳೆಯವರು ಮುಕ್ತಾಯಕ್ಕೆ ದಾರಿ ಮಾಡಿಕೊಡುತ್ತಾರೆ, ಚಂಡೆ ಅದಕ್ಕೆ ದನಿಗೂಡಿಸುತ್ತದೆ. ಅಲ್ಲಿ ಲಯವೆಂಬುದು ಇಬ್ಬರು ಮೂವರು ಕೂಡಿ ಆ ಕ್ಷಣಕ್ಕೆ ಕಟ್ಟುವಂಥದ್ದು. ಈ ಆಟದ ಹಾಡು ಯಾರಿಗೂ ಕಾಯುವುದಿಲ್ಲ. ಯಂತ್ರದ ಜೊತೆ ಮಾತ್ರ ಪಳಗಿದ ಮಗು ಭಾಗವತಿಕೆಯ ಏರಿಳಿತಕ್ಕೆ ಕಿವಿಗೊಡುವುದನ್ನು ಮರೆಯಬಾರದು, ಅಷ್ಟೇ ನನ್ನ ಕಳಕಳಿ.

ಆಸಕ್ತಿಯಿದ್ದರೆ ಇನ್ನೊಂದು ಕೆಲಸ ಮಾಡಬಹುದು. ಸ್ಟೆಪ್‌ಮೇನಿಯಾದೊಳಗೇ ಹಾಡಿಗೆ ಬಾಣ ಜೋಡಿಸುವ ಸಂಪಾದಕ (ಎಡಿಟರ್) ಇದೆ. ತರಗತಿಯಲ್ಲಿ ನೀವೇ ಧ್ವನಿಮುದ್ರಿಸಿಕೊಂಡ ತಾಳದ ಬಿಡ್ತಿಗೆಯೊಂದನ್ನು (ಮದ್ದಳೆಯ ನುಡಿತದ ತುಣುಕು) ಹಾಕಿ ಬಾಣಗಳನ್ನು ಮಗುವೇ ಜೋಡಿಸಬಹುದು. ಕೈಯಿಂದ ನುಡಿಸಿದ ಮದ್ದಳೆಯ ವೇಗ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಹಾಡಿನ ಆರಂಭದ ಕ್ಷಣವನ್ನು ಗುರುತಿಸಿದರೆ ಸಾಲದು, ವೇಗ ಬದಲಾಗುವ ಕಡೆಗಳಲ್ಲೆಲ್ಲ ಹೊಸ ವೇಗವನ್ನು ನಮೂದಿಸುತ್ತ ಹೋಗಬೇಕು. ಇಲ್ಲದಿದ್ದರೆ ಬಾಣಗಳು ಕ್ರಮೇಣ ಹಿಂದೆ ಬೀಳುತ್ತವೆ. ಸಂಪಾದಕದ ಅಡ್ಡಗೆರೆಗಳು ನಾಲ್ಕು ಹೊಡೆತಕ್ಕೊಂದರಂತೆ ಬರುತ್ತವೆ. ರೂಪಕಕ್ಕೆ ಕೂತಾಗ ಆ ಗೆರೆಗಳನ್ನು ಗಮನಿಸದೆ ಹೊಡೆತವನ್ನಷ್ಟೇ ಎಣಿಸಿಕೊಳ್ಳಿ. ತಾಳವನ್ನು ಬಿಡಿಸಿ ನೋಡುವ ಇಂಥ ಅಭ್ಯಾಸ ಬೇರೆಲ್ಲೂ ಸಿಗದು.

ತೋಟದಮನೆ, ಶಿರಸಿ

ಇಬ್ಬರಿಗೂ ತುಂಬ ಕೃತಜ್ಞತೆಗಳು. ವೈರಿನ ಸ್ಪೀಕರ್ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಆರಿಸಿದ ಕೂಡಲೇ ‘ಮಿಸ್’ ಬಹುಪಾಲು ಮಾಯವಾಯಿತು. ಯಂತ್ರದ ಹೊಂದಾಣಿಕೆಯನ್ನು ನಮ್ಮ ಮಾವನವರು ಮಾಡಿಕೊಟ್ಟರು. ಅವರು ಮೊದಲು ತಾಳಮದ್ದಳೆಯಲ್ಲಿ ಮದ್ದಳೆ ನುಡಿಸುತ್ತಿದ್ದವರು. ಇನ್‌ಪುಟ್ ಪರೀಕ್ಷೆಯಲ್ಲಿ ಎಡ–ಬಲ ಒಟ್ಟಿಗೆ ನಿಲ್ಲುವುದಿಲ್ಲವೆಂಬುದೂ ಖಚಿತವಾಯಿತು, ಬೇರೆ ಅಡಾಪ್ಟರ್ ತರಿಸುತ್ತಿದ್ದೇವೆ.

ನೆಲದ ವಿಷಯ ಮಾತ್ರ ಹಾಗೆಯೇ ಉಳಿದಿದೆ. ಜೊತೆಗೆ, ಮಗಳು ಹಾಡು ಸ್ವಲ್ಪ ಬಿರುಸಾದರೆ ಬೇಗ ಏದುಸಿರು ಬಿಡುತ್ತಾಳೆ, ಬಾಣಗಳನ್ನು ಹಿಂಬಾಲಿಸಲು ಆಗುವುದಿಲ್ಲ. ಇದು ವಯಸ್ಸಿನ ಮಿತಿಯೋ, ಕ್ರಮದ ಕೊರತೆಯೋ? ಮಳೆಗಾಲದಲ್ಲಿ ಇಲ್ಲಿ ಚರ್ಮದ ಚಪ್ಪಲಿಯಿಂದ ಹಿಡಿದು ಪುಸ್ತಕದ ರಟ್ಟಿನವರೆಗೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಪ್ಯಾಡನ್ನು ಹೇಗೆ ಕಾಪಾಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಗಂಗಾವಳಿ, ಅಂಕೋಲಾ

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಈ ಆಟವನ್ನು ಬರಿಯ ವಿಡಿಯೋ ಗೇಮ್ ಎಂದು ತಳ್ಳಿಹಾಕುವವರಿಗೆ ಒಂದು ಮಾತು: ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಹೆಸರಿನಲ್ಲಿ ಇದನ್ನು ಮೊದಲು ಕಾಸು ಹಾಕಿ ಆಡುವ ಆಟದಂಗಡಿಗಳಿಗೆ (ಆರ್ಕೇಡ್) ತಂದಿತು, ಎಂಟೇ ವರ್ಷಗಳಲ್ಲಿ, 2006ರಲ್ಲಿ, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ತನ್ನ ಸರಕಾರಿ ಶಾಲೆಗಳ ದೈಹಿಕ ಶಿಕ್ಷಣಕ್ಕೆ ಇದನ್ನು ತರುವ ಯೋಜನೆ ಹಾಕಿಕೊಂಡಿತು. ಮಳೆಗಾಲದ ನಾಲ್ಕು ತಿಂಗಳು ಮೈದಾನವೇ ಕೆರೆಯಾಗುವ ನಮ್ಮ ಜಿಲ್ಲೆಯಲ್ಲಿ, ಸೂರಿನಡಿ ಮಕ್ಕಳ ಮೈಯಿಂದ ಬೆವರಿಳಿಸುವ ಆಟಗಳೇ ಕಡಿಮೆ.

ಏದುಸಿರಿಗೆ ಕಾರಣ ವಯಸ್ಸಲ್ಲ. ಮಗಳು ಪ್ರತಿ ಬಾಣವನ್ನೂ ತುಳಿದು ಮತ್ತೆ ನಡುವಿನ ಮನೆಗೆ ಮರಳುತ್ತಿದ್ದಾಳೆಯೇ ಎಂದು ನೋಡಿ. ಹೊಸಬರೆಲ್ಲ ಹಾಗೆಯೇ ಮಾಡುತ್ತಾರೆ. ಹೀಗೆ ಮಾಡಿದರೆ ಒಂದು ಬಾಣಕ್ಕೆ ಎರಡು ಚಲನೆ ಬೇಕಾಗುತ್ತದೆ, ಬಿರುಸಿನ ಹಾಡಿನಲ್ಲಿ ಅದಕ್ಕೆ ಸಮಯವೇ ಇರುವುದಿಲ್ಲ. ಈ ಆಟದಲ್ಲಿ ನಡುವಿನ ಮನೆಗೆ ಯಾವ ಲೆಕ್ಕವೂ ಇಲ್ಲ, ಬಾಣದ ಮನೆಯ ಮೇಲೆ ಕಾಲನ್ನು ಬಿಟ್ಟು ನಿಂತರೂ ಅಂಕ ಹೋಗುವುದಿಲ್ಲ. ಎಡಗಾಲು ಎಡದ ಮನೆಯ ಮೇಲೆ, ಬಲಗಾಲು ಬಲದ ಮನೆಯ ಮೇಲೆ ನೆಲೆಸಿರಲಿ. ಮುಂದಿನ ಅಥವಾ ಹಿಂದಿನ ಬಾಣ ಬಂದಾಗ ಸರದಿಯಲ್ಲಿರುವ ಕಾಲು ಮಾತ್ರ ಹೋಗಲಿ, ಮುಂದಿನ ಬಾಣದವರೆಗೆ ಅಲ್ಲಿಯೇ ಇರಲಿ. ಎಡ, ಬಲ, ಎಡ, ಬಲ ಎಂದು ಕಾಲುಗಳು ಬದಲಾಗುತ್ತಲೇ ಇರಬೇಕು, ಒಂದೇ ಕಾಲಿನಿಂದ ಬೇರೆ ಬೇರೆ ಮನೆಗಳನ್ನು ಸಾಲಾಗಿ ತುಳಿಯುವ ರೂಢಿಯನ್ನು ಆರಂಭದಲ್ಲಿಯೇ ಬಿಡಿಸಬೇಕು. ಹಾಡುಗಳ ಹೆಜ್ಜೆಗಳನ್ನು ಬರೆದವರು ಸಾಮಾನ್ಯವಾಗಿ ಈ ಪರ್ಯಾಯ ಕ್ರಮವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಮೊಣಕಾಲು ಸ್ವಲ್ಪ ಬಾಗಿರಲಿ, ಹಿಮ್ಮಡಿ ನೆಲಕ್ಕೆ ಬಡಿಯದಿರಲಿ.

ಬಾಣಗಳು ಗುಂಪಾಗಿ, ಒಂದರ ಮೇಲೊಂದು ಬಂದಂತೆ ಕಾಣುತ್ತಿದ್ದರೆ ಬಾಣ ಓಡುವ ವೇಗವನ್ನು ಸೆಟ್ಟಿಂಗಿನಲ್ಲಿ ಹೆಚ್ಚಿಸಿ. ಇದರಿಂದ ಹಾಡು ಬಿರುಸಾಗುವುದಿಲ್ಲ, ಬಾಣಗಳ ನಡುವಿನ ಅಂತರ ಮಾತ್ರ ಅಗಲವಾಗುತ್ತದೆ, ಓದಲು ಸುಲಭ.

ಮೆತ್ತನೆಯ ಪ್ಯಾಡಿನ ಮೇಲೆ ಬರಿಗಾಲೇ ಸರಿ. ಸಾಕ್ಸ್ ಜಾರುತ್ತದೆ. ಊಟವಾದ ಕೂಡಲೇ ಆಡಿಸಬೇಡಿ. ಕರಾವಳಿಯ ಸೆಕೆಯಲ್ಲಂತೂ ಎರಡು ಮೂರು ಹಾಡಿಗೊಮ್ಮೆ ನೀರು ಕುಡಿಸಿ.

ಉತ್ತರ – ಅಘನಾಶಿನಿ, ಕುಮಟಾ

ನೆಲ ಮತ್ತು ಮಳೆಗಾಲದ ಬಗ್ಗೆ ನಾನು ಬರೆಯುತ್ತೇನೆ. ಮರಗೆಲಸ ನಮ್ಮ ಮನೆತನದ ಕಸುಬು.

ಮಾಳಿಗೆಗೆ ಹೋಗುವುದು ಬೇಡ, ಜಗಲಿಯಲ್ಲಿಯೇ ಆಡಲಿ. ಪ್ಯಾಡಿಗಿಂತ ನಾಲ್ಕು ಬೆರಳು ದೊಡ್ಡದಾದ ಪ್ಲೈವುಡ್ ಹಲಗೆಯೊಂದನ್ನು ಕತ್ತರಿಸಿ ತನ್ನಿ, 12 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಹಲಗೆಯ ಅಡಿಗೆ ಮಕ್ಕಳ ಕೋಣೆಗೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಚೌಕಗಳನ್ನು ಹಾಸಿದರೆ ನುಣುಪು ಗಾರೆಯ ಮೇಲೂ ಅದು ಅಲುಗಾಡುವುದಿಲ್ಲ, ಸದ್ದೂ ಅಡಗುತ್ತದೆ. ಪ್ಯಾಡನ್ನು ಆ ಹಲಗೆಯ ಮೇಲೆ ಬಿಗಿಯಾಗಿ ಎಳೆದು, ನಾಲ್ಕೂ ಅಂಚನ್ನು ಅಗಲವಾದ ಟೇಪಿನಿಂದ ಅಂಟಿಸಿ. ಪ್ಯಾಡಿನ ಅಂಚಿಗೆ ಮೊಳೆ ಹೊಡೆಯಬೇಡಿ, ಒಳಗಿನ ಪದರ ಹರಿಯುತ್ತದೆ. ಸುಕ್ಕಿಲ್ಲದೆ ಎಳೆದ ಪ್ಯಾಡಿನ ಮೇಲೆ ಬಾಣದ ಗಡಿ ಕಾಲಿಗೆ ಬೇಗ ಪರಿಚಯವಾಗುತ್ತದೆ, ಕೆಳಗೆ ನೋಡುವ ಅಗತ್ಯ ಬೀಳುವುದಿಲ್ಲ.

ಮೆತ್ತನೆಯ ಪ್ಯಾಡ್ ಎಂದರೆ ವಿದ್ಯುತ್ ಹರಿಯುವ ಲೇಪವಿರುವ ಎರಡು ಪ್ಲಾಸ್ಟಿಕ್ ಹಾಳೆಗಳು, ನಡುವೆ ತೂತುಗಳಿರುವ ತೆಳು ಫೋಮ್. ತುಳಿದಾಗ ತೂತಿನ ಮೂಲಕ ಎರಡೂ ಹಾಳೆ ತಾಗುತ್ತವೆ, ಕಾಲೆತ್ತಿದಾಗ ಫೋಮ್ ಅವನ್ನು ಬಿಡಿಸುತ್ತದೆ. ಜುಲೈ ತಿಂಗಳ ತೇವದಲ್ಲಿ ಆ ಹಾಳೆಗಳು ಅಂಟಿಕೊಂಡರೆ, ಕಾಲು ತೆಗೆದ ಮೇಲೂ ಬಾಣ ಒತ್ತಿದಂತೆಯೇ ಉಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದನ್ನು ಮಡಚಿ ಕಪಾಟಿನಲ್ಲಿ ತುಂಬಬೇಡಿ. ಮಡಚಿದ ಗೆರೆಯಲ್ಲಿಯೇ ಲೇಪ ಮೊದಲು ಬಿರುಕು ಬಿಡುವುದು. ಹಲಗೆಯ ಸಮೇತ ಎತ್ತಿ, ಒಲೆ ಇರುವ ಅಡುಗೆಮನೆಯ ಹೊರಗೋಡೆಗೋ ಬೇರೆ ಯಾವುದಾದರೂ ಬೆಚ್ಚಗಿನ ಗೋಡೆಗೋ ಒರಗಿಸಿ ನಿಲ್ಲಿಸಿ. ಬಿಸಿಲು ನೇರವಾಗಿ ಬೀಳಬಾರದು. ಆಡಿದ ಮೇಲೆ ಬೆವರನ್ನು ಒಣ ಬಟ್ಟೆಯಿಂದ ಒರೆಸಿ.

ಮುಂದೆ ಗಟ್ಟಿ ಪ್ಯಾಡ್ ಬೇಕೆನ್ನಿಸಿದರೆ ಕೊಳ್ಳುವ ಬದಲು ಕಟ್ಟಿಕೊಳ್ಳಬಹುದು. ಆಟದಂಗಡಿಯ ಯಂತ್ರದಲ್ಲಿ ಒಂದು ಮನೆ ಸುಮಾರು 11 ಅಂಗುಲ ಚೌಕ, ಮೂರಕ್ಕೆ ಮೂರು ಮನೆ ಸೇರಿ 33 ಅಂಗುಲ. ಎಂಟಡಿ–ನಾಲ್ಕಡಿಯ ಒಂದೇ ಶೀಟಿನಲ್ಲಿ ಅಡಿಹಲಗೆಯೂ ಮೇಲಿನ ಒಂಬತ್ತು ತುಂಡುಗಳೂ ಹೊರಡುತ್ತವೆ. ನಮ್ಮ ಹವೆಗೆ ಐಎಸ್ 710 ಮುದ್ರೆಯಿರುವ ಮೆರೈನ್ ಪ್ಲೈ ಅನ್ನೇ ಕೇಳಿ. ಸಾಮಾನ್ಯ ಕಮರ್ಷಿಯಲ್ ಪ್ಲೈ ಒಂದೆರಡು ಮಳೆಗಾಲದಲ್ಲಿ ಪದರ ಬಿಡುತ್ತದೆ. ಬಾಣದ ನಾಲ್ಕು ತುಂಡುಗಳ ಅಡಿಗೂ ಅದಕ್ಕೆದುರಾಗಿ ಅಡಿಹಲಗೆಯ ಮೇಲೂ ತೆಳು ಲೋಹದ ತಗಡು ಹಚ್ಚಿ, ಅಂಚಿಗೆ ಮಾತ್ರ ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಕೊಟ್ಟರೆ, ತುಳಿದಾಗ ತಗಡುಗಳು ತಾಗುತ್ತವೆ. ಅಡಿಯ ತಗಡುಗಳನ್ನೆಲ್ಲ ಒಂದೇ ವೈರಿಗೆ, ಮೇಲಿನ ನಾಲ್ಕನ್ನು ನಾಲ್ಕು ಬೇರೆ ವೈರುಗಳಿಗೆ ಸೇರಿಸಿ ಆರ್ಡುಯಿನೋ ಲಿಯೊನಾರ್ಡೊ ಎಂಬ, ಪ್ರೋಗ್ರಾಮ್ ತುಂಬಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿಗೆ ಕೊಡಬೇಕು. ಅದು ಲ್ಯಾಪ್‌ಟಾಪಿಗೆ ತನ್ನನ್ನು ಕೀಬೋರ್ಡ್ ಎಂದೇ ಪರಿಚಯಿಸಿಕೊಳ್ಳುವುದರಿಂದ ಅಡಾಪ್ಟರಿನ ಗೋಜೇ ಇಲ್ಲ, ಎಡ–ಬಲ ಜಿಗಿತವೂ ತಪ್ಪುವುದಿಲ್ಲ. ಕರಾವಳಿಯವರು ತಾಮ್ರದ ಟೇಪ್ ಬಳಸಿದರೆ ಉಪ್ಪುಗಾಳಿಗೆ ಅದು ಹಸಿರುಗಟ್ಟುತ್ತದೆ, ಆಗಾಗ ನುಣುಪಾದ ಉಜ್ಜುಕಾಗದದಿಂದ ತಿಕ್ಕಬೇಕು. ಘಟ್ಟದ ಮೇಲಿನ ನಿಮಗೆ ಆ ಕಾಟ ಕಡಿಮೆ. ಮೇಲಿನ ತುಂಡುಗಳ ಅಂಚನ್ನು ದುಂಡಗೆ ಹೆರೆದು ಸಾಣೆ ಹಿಡಿಯುವುದನ್ನು ಮಾತ್ರ ಮರೆಯಬೇಡಿ, ಬರಿಗಾಲಿನ ಮಗು ಅದರ ಮೇಲೆ ಹಾರುತ್ತದೆ.